ಗದ್ದದ ಕೂದಲಿಗೆ ಕಡಲೆಹಿಟ್ಟು ಸಾಲದು

ಸಂಪಾದಕರಿಗೆ ನಮಸ್ಕಾರ.

ಹೆಣ್ಣುಮಕ್ಕಳ ಮುಖದ ಕೂದಲಿಗೆ ಕಡಲೆಹಿಟ್ಟು, ಅರಿಶಿನ ಹಚ್ಚಿ ಉಜ್ಜಿ ಎಂದು ನಿಮ್ಮ ಪುರವಣಿಯಲ್ಲಿ ಬಂದಿತ್ತು. ತೀರ್ಥಹಳ್ಳಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ನನಗೆ ಓದಿ ಸುಮ್ಮನಿರಲು ಆಗಲಿಲ್ಲ.

ತುಟಿ ಮೇಲಿನ ನವಿರು ರೋಮ ಬೇರೆ. ಗದ್ದ, ಕುತ್ತಿಗೆ, ಎದೆ, ಹೊಟ್ಟೆಯ ಮೇಲೆ ಗಂಡಸರಿಗೆ ಬರುವಂತೆ ಕಪ್ಪಗೆ, ದಪ್ಪಗೆ ಬರುವುದು ಬೇರೆ. ಥ್ರೆಡಿಂಗ್ ದಾರ ಎಳೆಯುವಾಗ ಕೈಗೇ ಗೊತ್ತಾಗುತ್ತದೆ. ಅಂಥವರನ್ನು ಮೆಲ್ಲಗೆ ಕೇಳುತ್ತೇನೆ, ‘ಮುಟ್ಟು ಸರಿಯಾಗಿ ಆಗ್ತಿದೆಯಾ?’ ಹುಡುಗಿ ಕನ್ನಡಿಯಲ್ಲೇ ಅಮ್ಮನ ಮುಖ ನೋಡುತ್ತಾಳೆ. ಉತ್ತರ ಅಮ್ಮನದು: ‘ಎರಡು ಮೂರು ತಿಂಗಳಿಗೊಮ್ಮೆ ಕಣೇ. ಮದುವೆಯಾದ್ರೆ ಸರಿ ಹೋಗುತ್ತೆ ಅಲ್ವಾ?’

ತಾನಾಗಿ ಸರಿ ಹೋಗುವಂಥದ್ದಲ್ಲ ಅದು. ಹೆಚ್ಚಿನವರಲ್ಲಿ ಕಾರಣ ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ. ಡಾಕ್ಟರು ಗಂಡು ಹಾರ್ಮೋನು ಟೆಸ್ಟೋಸ್ಟಿರೋನ್, ಥೈರಾಯ್ಡ್, ಹಾಲೂಡಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಎಂದು ರಕ್ತಪರೀಕ್ಷೆ ಮಾಡಿಸುತ್ತಾರೆ, ಬೇಕಾದರೆ ಸ್ಕ್ಯಾನಿಂಗ್. ಎಲ್ಲ ಸರಿಯಿದ್ದೂ ಕೂದಲು ಬರುವವರಿದ್ದಾರೆ. ಆದರೆ ಕೆಲವೇ ತಿಂಗಳಲ್ಲಿ ದಿಢೀರನೆ ಜಾಸ್ತಿಯಾಗಿ, ದನಿಯೂ ಗಡಸಾದರೆ ತಡ ಮಾಡಲೇಬಾರದು. ಅಂಡಾಶಯದಲ್ಲೋ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲೋ ಗಡ್ಡೆ ಇರಬಹುದು.

ಡಾಕ್ಟರು ಕೊಡುವ ಮಾತ್ರೆಗೆ ಗುಣ ಕಾಣಲು 6 ತಿಂಗಳಾದರೂ ಬೇಕು. ನಮ್ಮವರು ತಿಂಗಳಿಗೇ ಬಿಡುತ್ತಾರೆ. ಅದು ಗರ್ಭನಿರೋಧಕ ಮಾತ್ರೆ ಅಂತ ಗೊತ್ತಾದರೆ ಮನೆಯಲ್ಲಿ ರಾದ್ಧಾಂತ ಬೇರೆ! ಹಾರ್ಮೋನು ಹದಕ್ಕೆ ತರಲು ಮದುವೆಯಾಗದವರಿಗೂ ಅದನ್ನೇ ಕೊಡುವುದು. ಕೆಲವರಿಗೆ ಗಂಡು ಹಾರ್ಮೋನನ್ನು ತಡೆಯುವ ಸ್ಪೈರೋನೋಲ್ಯಾಕ್ಟೋನ್ ಮಾತ್ರೆ ಸೇರಿಸುತ್ತಾರೆ, ಅದನ್ನು ಬಸುರಿಯರು ತೆಗೆದುಕೊಳ್ಳುವಂತಿಲ್ಲ. ಆಗಲೇ ಬಂದಿರುವ ಕೂದಲಿಗೆ ಥ್ರೆಡಿಂಗ್, ಶೇವಿಂಗ್, ಲೇಸರ್ ಯಾವುದಾದರೂ ಸರಿ. ಶೇವ್ ಮಾಡಿದರೆ ದಪ್ಪ ಬರುತ್ತದೆ ಎನ್ನುವುದು ಸುಳ್ಳು. ಲೇಸರಿಗೆ ದುಡ್ಡು ಸುರಿದರೂ ಹಾರ್ಮೋನು ಹಾಗೇ ಇದ್ದರೆ ಹೊಸ ಕೂದಲು ಬರುತ್ತಲೇ ಇರುತ್ತದೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಮುಲಾಮಿನ ವಿಷಯದಲ್ಲಿ. ಮೊನ್ನೆ ಒಬ್ಬಳು ಬಂದಳು. ಕೆನ್ನೆ ಕೆಂಪು, ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳು, ಅದರ ತುಂಬ ರೋಮ. ‘ಏನು ಹಚ್ಚುತ್ತೀಯಾ?’ ಅಂದೆ. ಪರ್ಸಿನಿಂದ ಬುಡದವರೆಗೆ ಹಿಂಡಿದ್ದ ಟ್ಯೂಬ್ ತೆಗೆದಳು. ಸಣ್ಣಕ್ಷರದಲ್ಲಿ ಬೀಟಾಮೆಥಾಸೋನ್ ಅಂತಿತ್ತು, ಅದೊಂದು ಸ್ಟಿರಾಯ್ಡ್. ಹೆಣ್ಣು ನೋಡಲು ಬರುವವರಿದ್ದಾರೆ, ಬೆಳ್ಳಗಾಗಲಿ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದಿದ್ದಂತೆ. ಸ್ಟಿರಾಯ್ಡ್ ಮುಲಾಮು ದಿನಾ ಮುಖಕ್ಕೆ ಹಚ್ಚಿದರೆ ಕೂದಲೂ ಬೆಳೆಯುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಉರಿ, ಕೆಂಪು ಇನ್ನೂ ಜೋರು. ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ.

ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು 2018ರಲ್ಲೇ ಕೇಂದ್ರ ಸರ್ಕಾರ ಹೇಳಿದೆ. ಔಷಧ ನಿಯಂತ್ರಣ ಇಲಾಖೆಯವರು ನಮ್ಮ ಜಿಲ್ಲೆಯ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸಲಿ.

– ಪಾರ್ಲರ್ ನಡೆಸುವ ಓದುಗಿ, ತೀರ್ಥಹಳ್ಳಿ