ಬಸ್ಸಿನಲ್ಲಿ 32 ಸೀಟು: ಶನಿವಾರದ ಕನ್ನಡ ತರಗತಿಯ ದೇಣಿಗೆ ಮನವಿ

ನೈರೋಬಿಯ ಕನ್ನಡ ಬಂಧುಗಳಿಗೆ ನಮಸ್ಕಾರ.

ದುಡ್ಡು ಕೇಳಲೆಂದೇ ಈ ಪತ್ರ. ಸುತ್ತಿ ಬಳಸುವುದಿಲ್ಲ. ಆದರೆ ಯಾಕೆ ಕೇಳುತ್ತಿದ್ದೇವೆ ಅಂತ ತಿಳಿಯಬೇಕಾದರೆ ಕಳೆದ ಆಗಸ್ಟ್ ರಜೆಯ ಒಂದು ಬೆಳಿಗ್ಗೆಯ ವಿಷಯ ಹೇಳಬೇಕು.

ಅವತ್ತು ನಮ್ಮ ತರಗತಿಯ 9 ಮಕ್ಕಳನ್ನು ಎರಡು ಕಾರಿನಲ್ಲಿ ತುಂಬಿಕೊಂಡು ಆಫ್ರಿಕನ್ ಹೆರಿಟೇಜ್ ಹೌಸ್ ನೋಡಲು ಹೊರಟಿದ್ದೆವು. ನಮ್ಮ ತರಗತಿ ನಡೆಯುವ ಶಾಲೆಯ ಗೇಟಿನ ಹತ್ತಿರ ಒಬ್ಬಳು ಹುಡುಗಿ ನಿಂತಿದ್ದಳು. ಅದೇ ಶಾಲೆಯವಳು, ನಾಲ್ಕನೇ ಕ್ಲಾಸು. ಎಲ್ಲಿಗೆ ಅಂತ ಕೇಳಿದಳು, ಹೇಳಿದೆವು. "ನಾ ಮಿಮಿ ಪಿಯಾ?" ಅಂದಳು. ಸ್ವಾಹಿಲಿಯಲ್ಲಿ, ನಾನೂ ಬರಲಾ ಅಂತ. ಕಾರಿನಲ್ಲಿ ಜಾಗ ಇರಲಿಲ್ಲ. "ಮುಂದಿನ ಸಲ" ಅಂದು ಹೊರಟುಬಿಟ್ಟೆವು.

ನಿಮಗೆಲ್ಲ ಗೊತ್ತು, ನಾವು ಶನಿವಾರ ಕನ್ನಡ ಕಲಿಸುವ ಕೋಣೆ ಆ ಸರ್ಕಾರಿ ಪ್ರೈಮರಿ ಶಾಲೆಯದು. ಇವತ್ತಿನವರೆಗೆ ಒಂದು ಶಿಲ್ಲಿಂಗ್ ಬಾಡಿಗೆ ಕೇಳಿಲ್ಲ. ನಮ್ಮ ಮಕ್ಕಳು ಕಾಗುಣಿತ ಬರೆಯುವ ಸೀಮೆಸುಣ್ಣವೂ ಎಷ್ಟೋ ಸಲ ಅವರದ್ದೇ.

ಇನ್ನು ನಾವು ನೋಡಲು ಹೋದ ಆ ಹೆರಿಟೇಜ್ ಹೌಸಿನ ಮಾತು. ಮೊಂಬಾಸಾ ರಸ್ತೆಯ ಜಾಮ್ ದಾಟಿ ಅಥಿ ರಿವರ್ ಕಡೆ ಹೋದರೆ ಸಿಗುತ್ತದೆ. ದೂರದಿಂದ ಮಣ್ಣಿನ ಕೋಟೆಯ ಹಾಗೆ ಕಾಣುತ್ತದೆ, ಮಾಲಿ ದೇಶದ ಜೆನ್ನೆ ಊರಿನ ಮಣ್ಣಿನ ಮಸೀದಿಯ ಧಾಟಿ. ಮಹಡಿ ಮೇಲೆ ನಿಂತರೆ ಎದುರಿಗೇ ನ್ಯಾಷನಲ್ ಪಾರ್ಕ್. ಇದು ಸರ್ಕಾರಿ ಮ್ಯೂಸಿಯಂ ಅಲ್ಲ, ಅಲನ್ ಡೊನೊವನ್ ಎಂಬ ಅಮೆರಿಕನ್ ಕಟ್ಟಿಕೊಂಡ ಸ್ವಂತ ಮನೆ. ಅವರು 2021ರಲ್ಲಿ ತೀರಿಕೊಂಡರು. ಹೊಸ ರೈಲು ಹಳಿಗಾಗಿ ಈ ಮನೆ ನೆಲಸಮ ಆಗುವ ಭಯ ಇತ್ತು. 2016ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದ ಮೇಲೆ ಉಳಿಯಿತು. ಸುಮ್ನೆ ಹೋಗಿ ಬಾಗಿಲು ತಟ್ಟುವ ಹಾಗಿಲ್ಲ, ಮೊದಲೇ ಹೇಳಿ ಹೋಗಬೇಕು.

ಒಳಗೆ ಗಾಜಿನ ಪೆಟ್ಟಿಗೆ ಕಡಿಮೆ. ಮುಖವಾಡ, ಮಣಿಸರ, ಮರದ ಮಂಚ ಎಲ್ಲ ಯಾರೋ ಬದುಕಿದ ಮನೆಯ ಸಾಮಾನಿನ ಹಾಗೆಯೇ ಇವೆ. ನಮ್ಮನ್ನು ಜಾಸ್ತಿ ಹೊತ್ತು ಹಿಡಿದು ನಿಲ್ಲಿಸಿದ್ದು ಕಾಂಗೋದ ಕೂಬಾ ಜನರ ಬಟ್ಟೆ. ತಾಳೆಯ ಜಾತಿಯ ರಾಫಿಯಾ ಮರದ ಗರಿ ಸೀಳಿ ನೂಲು ಮಾಡುತ್ತಾರೆ. ನೇಯುವವರು ಗಂಡಸರು. ಆ ಮೇಲೆ ಹೆಂಗಸರು ಅದರ ಮೇಲೆ ಕಸೂತಿ ಹಾಕಿ, ಎಳೆಗಳನ್ನು ಗಿಡ್ಡಕ್ಕೆ ಕತ್ತರಿಸುತ್ತಾರೆ. ನೋಡಿದರೆ ಮಖಮಲ್ಲು. ನಮ್ಮ ಜೊತೆ ಬಂದಿದ್ದ ಧಾರವಾಡದ ತಾಯಿಯೊಬ್ಬರು ಅದರ ಮುಂದೆಯೇ ನಿಂತುಬಿಟ್ಟರು. ಕೂಬಾ ಹೆಂಗಸರು ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ನಮೂನೆ ತಲೆಯಲ್ಲೇ ಇರುತ್ತದೆ ಅಂತ ತೋರಿಸುವವರು ಹೇಳಿದಾಗ, "ಅಯ್ಯ, ನಮ್ಮವ್ವನೂ ಹಂಗೇ, ಎಳಿ ಎಣಿಸಿ ಗೋಪುರ ಹಾಕ್ತಿದ್ಲು" ಅಂದರು. ಅವರ ಮಗಳು ಅವತ್ತೇ ಮೊದಲ ಸಲ ಅಮ್ಮನ ಸೀರೆಯ ಸೆರಗನ್ನು ಕೈಯಲ್ಲಿ ಹಿಡಿದು ನೋಡಿದ್ದು.

ಡೊನೊವನ್ ಒಬ್ಬರೇ ಇದನ್ನೆಲ್ಲ ಶುರು ಮಾಡಲಿಲ್ಲ. 1972ರಲ್ಲಿ ನೈರೋಬಿಯಲ್ಲಿ ಆಫ್ರಿಕನ್ ಹೆರಿಟೇಜ್ ಗ್ಯಾಲರಿ ತೆರೆದಾಗ ಅವರ ಜೊತೆಗಿದ್ದವರು ಜೋಸೆಫ್ ಮುರುಂಬಿ. ತಂದೆ ಗೋವಾದ ವ್ಯಾಪಾರಿ, ತಾಯಿ ಇಲ್ಲಿನ ಮಸಾಯಿ ಬುಡಕಟ್ಟಿನವರು. 1966ರಲ್ಲಿ ಕೀನ್ಯಾದ ಉಪಾಧ್ಯಕ್ಷರಾದರು, ಅದೇ ವರ್ಷ ರಾಜೀನಾಮೆ ಕೊಟ್ಟರು. ಉಳಿದ ಆಯುಷ್ಯವನ್ನು ಹೆಚ್ಚುಕಡಿಮೆ ಪುಸ್ತಕ, ಕಲೆ, ಹಳೆಯ ಕಾಗದಪತ್ರಗಳಿಗೇ ಕೊಟ್ಟರು. ಅವರು ಓದಿದ್ದೆಲ್ಲಿ ಗೊತ್ತೇ? ಬೆಂಗಳೂರಿನ ಗುಡ್ ಶೆಫರ್ಡ್ ಕಾನ್ವೆಂಟಿನಲ್ಲಿ, ಆಮೇಲೆ ಬಳ್ಳಾರಿಯ ಸೇಂಟ್ ಪ್ಯಾಂಕ್ರಸ್ ಶಾಲೆಯಲ್ಲಿ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು ಅನ್ನುವುದು ಬೇರೆ ಮಾತು, ಬಿಸಿಲು ಅದೇ ಅಲ್ವಾ! ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನಿಂದ "ಅದು ನಮ್ಮಜ್ಜಿ ಊರು!" ಅಂತ ಒಂದು ಕೂಗು ಬಂತು.

ಮುರುಂಬಿಯವರ ಸಂಗ್ರಹದ ಒಂದು ಪಾಲು ಪೇಟೆಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ, ಇನ್ನೊಂದು ಪಾಲು ನೈರೋಬಿ ಗ್ಯಾಲರಿಯಲ್ಲಿ. ಆ ಗ್ಯಾಲರಿ ಇರುವುದು 1913ರ ಹಳೆ ಕಚೇರಿಯಲ್ಲಿ. ಅದರ ಮುಂದೆ ನಾವು ಎಷ್ಟು ಸಲ ಸಿಗ್ನಲ್‌ಗೆ ಕಾದಿಲ್ಲ! ಒಳಗೆ ಹೋದವರು ನಮ್ಮಲ್ಲಿ ಎಷ್ಟು ಜನ? ನನ್ನನ್ನೂ ಸೇರಿಸಿಯೇ ಕೇಳುತ್ತಿದ್ದೇನೆ. ಹನ್ನೊಂದು ವರ್ಷ ಈ ಊರಲ್ಲಿದ್ದು, ಹೋದ ವರ್ಷ ಮೊದಲ ಸಲ ಹೋದೆ.

ಈಗ ಲೆಕ್ಕ. ಬರುವ ಆಗಸ್ಟ್ ರಜೆಯಲ್ಲಿ ಎರಡು ಬಸ್ ಮಾಡಿಸುತ್ತಿದ್ದೇವೆ. ನಮ್ಮ ತರಗತಿಯ 28 ಮಕ್ಕಳು, ಆ ಶಾಲೆಯ 32 ಮಕ್ಕಳು, ದೊಡ್ಡವರು 6 ಜನ. ಬೆಳಿಗ್ಗೆ ನೈರೋಬಿ ಗ್ಯಾಲರಿ, ಮಧ್ಯಾಹ್ನ ಹೆರಿಟೇಜ್ ಹೌಸ್. ಬಸ್, ಟಿಕೆಟ್, ಊಟ ಎಲ್ಲ ಸೇರಿ ಒಂದು ಮಗುವಿಗೆ 2,500 ಶಿಲ್ಲಿಂಗ್ ಬೀಳುತ್ತದೆ. ನಮ್ಮ ಮಕ್ಕಳ ಖರ್ಚು ತಂದೆತಾಯಿಯರದ್ದು. ದೊಡ್ಡವರು ತಮ್ಮದನ್ನು ತಾವೇ ಹಾಕಿಕೊಳ್ಳುತ್ತಾರೆ. ನಾವು ಕೇಳುತ್ತಿರುವುದು ಆ 32 ಮಕ್ಕಳಿಗೆ, ಅಂದರೆ 80,000 ಶಿಲ್ಲಿಂಗ್. ಅದರಲ್ಲಿ 17,500 ಬಂದಿದೆ. ಇನ್ನು 25 ಸೀಟು ಬಾಕಿ.

ಒಬ್ಬರೇ ಒಂದು ಸೀಟು ಕೊಡಬೇಕಂತೇನಿಲ್ಲ. ಇಬ್ಬರು ಮೂವರು ಸೇರಿ ಕೊಡಬಹುದು, ಮಕ್ಕಳ ಹುಟ್ಟುಹಬ್ಬದ ನೆಪದಲ್ಲಿ ಕೊಡಬಹುದು. ಬೋರ್ಡಿನಲ್ಲಿ ದಾನಿಗಳ ಹೆಸರು ಹಾಕುವ ಪದ್ಧತಿ ನಮ್ಮಲ್ಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ರಸೀದಿ ಮಾತ್ರ ತಪ್ಪದೆ ಕೊಡುತ್ತೇವೆ. ಮೊಬೈಲಿನಲ್ಲಿ ದುಡ್ಡು ಕಳಿಸುವ ಎಂ-ಪೆಸಾ ನಂಬರನ್ನು ಮಕ್ಕಳ ಡೈರಿಯ ಕೊನೇ ಪುಟಕ್ಕೆ ಅಂಟಿಸಿದ್ದೇವೆ. ನಗದು ಕೊಡುವವರು ಶನಿವಾರ ಮಕ್ಕಳನ್ನು ಬಿಡಲು ಬಂದಾಗ ಖಜಾಂಚಿಯವರ ಕೈಗೇ ಕೊಡಿ. ಹೆಚ್ಚು ಬಂದರೆ ಮೂರನೇ ಬಸ್ಸು, ಅಷ್ಟೇ. ಬೇರೆ ಯಾವುದಕ್ಕೂ ಆ ದುಡ್ಡು ಹೋಗುವುದಿಲ್ಲ.

ಊಟಕ್ಕೆ ಚಪಾತಿ, ಸುಕುಮಾ ಸೊಪ್ಪಿನ ಪಲ್ಯ ಹೇಳಿದ್ದೇವೆ. ಮೊಸರನ್ನ ಮಾಡಿ ತರಲು ಮೂರು ಮನೆಯವರು ಬೇಕು. ಉಪ್ಪಿನಕಾಯಿ ಖಾರ ಕಡಿಮೆ ಇರಲಿ.

ಆ ಹುಡುಗಿ ಈಗ ಐದನೇ ಕ್ಲಾಸು. ಪಟ್ಟಿಯಲ್ಲಿ ಮೊದಲ ಹೆಸರು ಅವಳದ್ದೇ ಬರೆದಿದ್ದೇವೆ. ಜುಲೈ ಕೊನೆಯ ಶನಿವಾರದೊಳಗೆ ಬಸ್ಸಿಗೆ ಮುಂಗಡ ಕಟ್ಟಬೇಕು.