ಗೆಳೆಯನಿಗೊಂದು ಪತ್ರ: ಸುಳ್ಳು ಹೇಳದ ಸಾಕ್ಷಿ

ಪ್ರೀತಿಯ ಗೆಳೆಯಾ,

"ಕಣ್ಣಾರೆ ಕಂಡವನು ಕೋರ್ಟಿಗೆ ಬಂದು ಹೇಳಿದ್ದಾನೆ. ಅವನಿಗೆ ಇವನ ಮೇಲೆ ಹಳೇ ದ್ವೇಷವೂ ಇಲ್ಲ. ಮತ್ತೆ ನಿನ್ನ ತಕರಾರು ಏನು ಮಾರಾಯ?" ಅಂತ ಕೇಳಿ ಫೋನಿಟ್ಟೆಯಲ್ಲ, ಅದಕ್ಕೆ ಉತ್ತರ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿ ಅಲ್ಲ ಇದು. ಇನ್ನೂ ನಾಲ್ಕು ಜನ ಓದಲಿ ಅಂತ ಹೊರಗೂ ಹಾಕುತ್ತಿದ್ದೇನೆ. ಅದಕ್ಕೇ ಊರು, ಠಾಣೆ, ಕೋರ್ಟು, ಮನುಷ್ಯರು ಯಾರ ಹೆಸರೂ ಇದರಲ್ಲಿಲ್ಲ. ಕರಾವಳಿಯ ಒಂದು ಊರು ಅಂದರೆ ಸಾಕು. ನಿನಗಂತೂ ಎಲ್ಲ ಗೊತ್ತೇ ಇದೆ.

ನಾನು ವಕೀಲ ಅಲ್ಲ. ಕಾರವಾರದಲ್ಲಿ ಟೈಪಿಂಗ್, ಝೆರಾಕ್ಸ್ ಅಂಗಡಿ ಇಟ್ಟವನು. ಆದರೆ ಅಫಿಡವಿಟ್ಟು, ವಕಾಲತ್ತು, ಸಾಕ್ಷಿ ಹೇಳಿಕೆ ಟೈಪ್ ಮಾಡಿ ಮಾಡಿ ಕೋರ್ಟಿನ ಕನ್ನಡ ಕೈಗೆ ಹತ್ತಿದೆ. ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾದ ಆ ಹುಡುಗನ ಅಕ್ಕ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ತಂದಿದ್ದ ಕಾಗದಗಳನ್ನು ಝೆರಾಕ್ಸ್ ಮಾಡುತ್ತ ಓದಲು ಶುರು ಮಾಡಿದೆ. ಆಮೇಲೆ ಅವರನ್ನೇ ಕೇಳಿ ಒಂದು ಪ್ರತಿ ಇಟ್ಟುಕೊಂಡೆ.

ನಡೆದದ್ದು ಇಷ್ಟು. ಜೂನ್ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುತ್ತಲ್ಲ, ಬೋಟೆಲ್ಲ ದಡದಲ್ಲಿ, ಬೋಟಿನಲ್ಲಿ ದುಡಿಯುವ ಕಲಾಸಿಗಳು ಖಾಲಿ. ಈ ಹುಡುಗನೂ ಕಲಾಸಿ. ಬಾಕಿ ಸಂಬಳದ ವಿಷಯಕ್ಕೆ ಒಬ್ಬರ ಜೊತೆ ಬಾರಿನ ಎದುರು ಜಗಳ ಆಡಿದ್ದ. "ನೋಡ್ಕೊಳ್ತೇನೆ ನಿನ್ನ" ಅಂದಿದ್ದ. ವಾರ ಕಳೆದ ಮೇಲೆ ಆ ಮನುಷ್ಯ ರಾತ್ರಿ ಮನೆಗೆ ಹೋಗುವ ದಾರಿಯಲ್ಲಿ ಕೊಲೆಯಾದ. ಕತ್ತಿಯ ಏಟು. ಜಗಳ ಎಲ್ಲರ ಕಿವಿಗೂ ಬಿದ್ದಿತ್ತು, ಹಾಗಾಗಿ ಬೆಳಗಾಗುವುದರೊಳಗೆ ಊರೇ ಒಂದು ಹೆಸರು ಹೇಳುತ್ತಿತ್ತು.

ಕಂಡವನು ಒಬ್ಬನೇ. ಪಕ್ಕದ ಊರಿನವನು, ಬೈಕಿನಲ್ಲಿ ಮನೆಗೆ ಹೊರಟಿದ್ದ. ಈ ಹುಡುಗನ ಪರಿಚಯ ಅವನಿಗೆ ಮೊದಲು ಇರಲಿಲ್ಲ. ಅವನ ಮಾತು ಕಾಗದದಲ್ಲಿ ಮೂರು ಕಡೆ ಇದೆ. ನಿಧಾನಕ್ಕೆ ಓದು.

ಮಾರನೇ ದಿನ ಪೊಲೀಸರು ಬರೆದುಕೊಂಡದ್ದು: ರೇನ್‌ಕೋಟ್ ಹಾಕಿದ, ಸಾಧಾರಣ ಮೈಕಟ್ಟಿನ ಒಬ್ಬ ಗಂಡಸು ತೋಟದ ಕಡೆಗೆ ಓಡಿ ಹೋದನು. ಮಳೆ ಜೋರಾಗಿದ್ದುದರಿಂದ ಮುಖ ಸರಿಯಾಗಿ ಕಾಣಲಿಲ್ಲ. ಮತ್ತೆ ನೋಡಿದರೆ ಗುರುತಿಸುತ್ತೇನೆ. (ಮುಖ ಕಾಣದವನು ಗುರುತಿಸುವುದು ಹೇಗೆ ಅಂತ ಕೇಳಬೇಡ. ಆ ಸಾಲು ಇಲ್ಲದ ಹೇಳಿಕೆಯನ್ನು ನಾನು ಇನ್ನೂ ಟೈಪ್ ಮಾಡಿಲ್ಲ. ಬರೆದುಕೊಳ್ಳುವವರ ಕೈಗೆ ಅದು ಅಭ್ಯಾಸ.)

ಎರಡನೆಯದು ಮರು ಹೇಳಿಕೆ. ಅಷ್ಟೊತ್ತಿಗೆ ಹುಡುಗನನ್ನು ಹಿಡಿದಾಗಿತ್ತು. ಅವನನ್ನು ಮುಂದೆ ಕೂರಿಸಿ, ಹಿಂದೆ ಪೊಲೀಸರು ನಿಂತ ಫೋಟೋ ಪೇಪರಿನಲ್ಲಿ ಬಂದಿತ್ತು, ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತ್ತು. ಈಗ ಸಾಕ್ಷಿಗೆ ಗುಂಗುರು ಕೂದಲು ನೆನಪಾಗಿದೆ. ಎಡ ಹುಬ್ಬಿನ ಮೇಲಿನ ಗಾಯದ ಕಲೆಯೂ ನೆನಪಾಗಿದೆ.

ಮೂರನೆಯದು ಕೋರ್ಟಿನಲ್ಲಿ, ವರ್ಷಗಳು ಕಳೆದ ಮೇಲೆ. ಓಡುವಾಗ ರೇನ್‌ಕೋಟಿನ ಟೊಪ್ಪಿ ಜಾರಿತು, ಬೈಕಿನ ಲೈಟು ನೇರ ಮುಖಕ್ಕೆ ಬಿತ್ತು, ಐದಾರು ಅಡಿ ದೂರದಿಂದ ಸ್ಪಷ್ಟವಾಗಿ ನೋಡಿದೆ, ಕೈಯಲ್ಲಿ ಕತ್ತಿ ಇತ್ತು. ಹಾಜರಿರುವ ಆರೋಪಿಯೇ ಅವನು.

ದಿನ ಹೋದ ಹಾಗೆ ನೆನಪು ಮಾಸಬೇಕಲ್ವಾ? ಇಲ್ಲಿ ಬೆಳೆದಿದೆ. ನನಗೆ ಕೈ ನಿಂತದ್ದು ಅಲ್ಲೇ.

ಜೂನ್ ಮಳೆಯಲ್ಲಿ ರಾತ್ರಿ ಬೈಕ್ ಓಡಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾವಿಬ್ಬರೂ ಶಿರಸಿಯಿಂದ ದೇವಿಮನೆ ಘಟ್ಟ ಇಳಿದದ್ದು ನೆನಪಿದೆಯಾ? ಹೆಲ್ಮೆಟ್ಟಿನ ಗಾಜು ಇಳಿಸಿದರೆ ನೀರು, ಎತ್ತಿದರೆ ಕಣ್ಣಿಗೇ ಹನಿ. ಲೈಟು ಹಾಕಿದರೆ ಮಳೆಯ ಗೆರೆಗಳು ಮಾತ್ರ ಬೆಳ್ಳಗೆ ಕಾಣುತ್ತಿದ್ದವು. ಎದುರಿಗೆ ಬಂದದ್ದು ಮನುಷ್ಯನೋ ದನವೋ ಹತ್ತಿರ ಹೋಗುವವರೆಗೆ ತಿಳಿಯುತ್ತಿರಲಿಲ್ಲ. ಅಂಥ ಮಳೆಯಲ್ಲಿ, ಓಡುತ್ತಿದ್ದ ಅಪರಿಚಿತನ ಹುಬ್ಬಿನ ಕಲೆ ಕಂಡಿತು ಅಂದರೆ ನಾನು ಸುಮ್ನೆ ಒಪ್ಪಲಾರೆ.

ಇನ್ನು ಪಾಟೀ ಸವಾಲು, ಅಂದರೆ ಆರೋಪಿಯ ವಕೀಲರು ಸಾಕ್ಷಿಗೆ ಹಾಕಿದ ಪ್ರಶ್ನೆಗಳನ್ನು ನೋಡು. ಬಡವರಿಗೆ ಕೋರ್ಟಿನಿಂದ ಕೊಟ್ಟ ವಕೀಲರು. ಪೂರ್ತಿ ಒಂದು ಪುಟವೂ ಇಲ್ಲ. "ನಾನು ಆ ದಿನ ಸ್ಥಳದಲ್ಲಿ ಇರಲೇ ಇಲ್ಲ ಎಂದರೆ ಸರಿಯಲ್ಲ. ಪೊಲೀಸರ ಒತ್ತಾಯಕ್ಕೆ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಮುಗಿಯಿತು. ಸಾಕ್ಷಿ ಸುಳ್ಳು ಹೇಳುತ್ತಿದ್ದಾನಾ ಅಂತ ಕೇಳಿದರು, ಅವನು ಇಲ್ಲ ಅಂದ. ನನ್ನ ಲೆಕ್ಕದಲ್ಲಿ ಅವನು ನಿಜವನ್ನೇ ಹೇಳಿದ. ಅವನು ಸುಳ್ಳ ಅಲ್ಲ. ಸುಳ್ಳ ಆಗಿದ್ದರೆ ಹಿಡಿಯುವುದು ಸುಲಭ ಇತ್ತು. ಅವನು ತಾನು ಕಂಡೆ ಅಂತ ಪೂರ್ತಿ ನಂಬಿದ್ದಾನೆ. ಹೆಲ್ಮೆಟ್ ಇತ್ತಾ, ಬೈಕ್ ನಿಲ್ಲಿಸಿದ್ದೆಯಾ, ಪೇಪರಿನ ಫೋಟೋ ನೋಡಿದ್ದೆಯಾ, ಈ ಮೂರರಲ್ಲಿ ಒಂದನ್ನೂ ಯಾರೂ ಕೇಳಲಿಲ್ಲ.

ಮೊದಲ ಹೇಳಿಕೆಯ ಗತಿಯೂ ಅದೇ ಆಯಿತು. ಹಳೇ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 161ನೇ ಸೆಕ್ಷನ್ನಿನ ಅಡಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ಅದು ತಾನಾಗಿ ಪುರಾವೆಯೂ ಆಗುವುದಿಲ್ಲ. ಆರೋಪಿಯ ವಕೀಲರು ಪಾಟೀ ಸವಾಲಿನಲ್ಲಿ ಆ ಸಾಲನ್ನು ಸಾಕ್ಷಿಯ ಮುಂದಿಟ್ಟು, "ಅವತ್ತು ಮುಖ ಕಾಣಲಿಲ್ಲ ಅಂದಿದ್ದೆಯಲ್ಲ?" ಅಂತ ಕೇಳಬೇಕು. ಅವನು ಅಲ್ಲಗಳೆದರೆ ಬರೆದುಕೊಂಡ ಅಧಿಕಾರಿಯ ಬಾಯಿಂದ ಹೇಳಿಸಬೇಕು. ಕೇಳದೇ ಬಿಟ್ಟರೆ ಆ ಸಾಲು ಕಡತದಲ್ಲಿದ್ದೂ ಇಲ್ಲದ ಹಾಗೆ. ತೀರ್ಪಿನಲ್ಲಿ ಆ ಸಾಲಿನ ಪ್ರಸ್ತಾಪವೇ ಇಲ್ಲ.

ಸಾಕ್ಷಿಯಿಂದ ಗುರುತು ಹಿಡಿಸುವ ಪರೇಡ್ ಮಾಡಿದ್ದರಲ್ಲ ಅನ್ನುತ್ತೀಯ. ಹೌದು, ಜೈಲಿನಲ್ಲಿ ನಡೆದಿತ್ತು, ಅವನದೇ ವಯಸ್ಸಿನ ಬೇರೆಯವರನ್ನೂ ಸಾಲಿನಲ್ಲಿ ನಿಲ್ಲಿಸಿದ್ದರು. ಸಾಕ್ಷಿ ಸೀದಾ ಹೋಗಿ ಇವನನ್ನೇ ತೋರಿಸಿದ. ಪೇಪರಿನಲ್ಲಿ ಕಂಡ ಮುಖವನ್ನು ಯಾರು ತೋರಿಸಲ್ಲ? ಮೊದಲೇ ಮುಖವೋ ಫೋಟೋವೋ ಕಣ್ಣಿಗೆ ಬಿದ್ದಿದ್ದರೆ ಅಂಥ ಪರೇಡಿಗೆ ಬೆಲೆ ಇಲ್ಲ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ.

ನೆನಪು ಹೀಗೆ ಬೆಳೆಯುತ್ತದಾ ಅಂತ ನಿನಗೆ ಅನುಮಾನ ಇರಬಹುದು. ಅಮೆರಿಕದ ಮನಃಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1974ರಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿ ಪ್ರಶ್ನೆ ಕೇಳಿದರು. ಕೆಲವರಿಗೆ "ಕಾರುಗಳು ತಾಗಿದಾಗ ವೇಗ ಎಷ್ಟಿತ್ತು?" ಅಂತ, ಕೆಲವರಿಗೆ "ಅಪ್ಪಳಿಸಿದಾಗ ಎಷ್ಟಿತ್ತು?" ಅಂತ. ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರು ಜಾಸ್ತಿ ವೇಗ ಹೇಳಿದರು. ವಾರ ಬಿಟ್ಟು ಕೇಳಿದಾಗ, ಚಿತ್ರದಲ್ಲಿ ಇಲ್ಲದ ಒಡೆದ ಗಾಜನ್ನೂ ಕಂಡೆವು ಅಂದವರು ಅವರಲ್ಲೇ ಜಾಸ್ತಿ. ಪ್ರಶ್ನೆಯ ಒಂದು ಮಾತು ಇಷ್ಟು ಮಾಡಿದರೆ, ಊರೆಲ್ಲ ಒಂದೇ ಹೆಸರು ಹೇಳುತ್ತಿರುವಾಗ, ಫೋಟೋ ಕೈಯಲ್ಲೇ ಇರುವಾಗ ಏನಾಗಬಹುದು ಹೇಳು.

ಅದೇ ಅಮೆರಿಕದ ಮೇರಿಲ್ಯಾಂಡಿನಲ್ಲಿ ಕರ್ಕ್ ಬ್ಲಡ್ಸ್‌ವರ್ತ್ ಅಂತ ಒಬ್ಬ. ಒಂಬತ್ತು ವರ್ಷದ ಹುಡುಗಿಯ ಕೊಲೆಗೆ 1985ರಲ್ಲಿ ಮರಣದಂಡನೆ ಆಯಿತು. ಅವನನ್ನು ನೋಡಿದೆವು ಅಂದವರು ಒಬ್ಬರಲ್ಲ, ಐವರು. 1993ರಲ್ಲಿ ಡಿಎನ್‌ಎ ಪರೀಕ್ಷೆ ಅವನಲ್ಲ ಅಂತ ತೋರಿಸಿತು, ಬಿಡುಗಡೆಯಾದ. ನಿಜವಾದ ಕೊಲೆಗಾರ ಸಿಕ್ಕಿದ್ದು 2003ರಲ್ಲಿ. ಅವನು ಬೇರೆ ಅಪರಾಧಕ್ಕೆ ಅದೇ ಜೈಲಿನಲ್ಲಿ ಇವನ ಜೊತೆಗೇ ಇದ್ದವನು.

ಅಷ್ಟು ದೂರ ಯಾಕೆ, ಪಕ್ಕದ ಮಹಾರಾಷ್ಟ್ರಕ್ಕೆ ಬಾ. 2003ರ ಕೊಲೆ ಪ್ರಕರಣ ಒಂದರಲ್ಲಿ ಅಲೆಮಾರಿ ಸಮುದಾಯದ ಆರು ಜನರಿಗೆ ಗಲ್ಲು. 2009ರಲ್ಲಿ ಸುಪ್ರೀಂ ಕೋರ್ಟೇ ಆರೂ ಜನರಿಗೆ ಗಲ್ಲು ಸರಿ ಅಂದಿತು. 2019ರ ಮಾರ್ಚ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ ಆರೂ ಜನರನ್ನು ಖುಲಾಸೆ ಮಾಡಿ, ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಸರ್ಕಾರಕ್ಕೆ ಹೇಳಿತು. ಕಾರಣ ಏನು ಗೊತ್ತಾ? ಬದುಕುಳಿದ ಪ್ರತ್ಯಕ್ಷ ಸಾಕ್ಷಿ ಮೊದಲಿಗೆ ಪೊಲೀಸರ ಫೋಟೋ ಆಲ್ಬಂ ನೋಡಿ ಬೇರೆಯೇ ನಾಲ್ವರನ್ನು ಗುರುತಿಸಿದ್ದರು. ಆ ನಾಲ್ವರ ಕಡೆ ತನಿಖೆ ಹೋಗಲೇ ಇಲ್ಲ. ಹದಿನಾರು ವರ್ಷದ ಆಯಸ್ಸು ಜೈಲಿನಲ್ಲಿ ಕಳೆದ ಮೇಲೆ 5 ಲಕ್ಷ. ಇಂಥವರಿಗೆ ಪರಿಹಾರ ಕೊಡಲು ಒಂದು ಕಾನೂನು ಮಾಡಿ ಅಂತ ಕಾನೂನು ಆಯೋಗ 2018ರಲ್ಲೇ ತನ್ನ 277ನೇ ವರದಿಯಲ್ಲಿ ಹೇಳಿತ್ತು.

ಕುಶಾಲನಗರದ ಸುದ್ದಿ ನೀನೇ ನನಗೆ ಕಳಿಸಿದ್ದೆ. ಹೆಂಡತಿಯನ್ನು ಕೊಂದ ಆರೋಪದ ಮೇಲೆ ಜೈಲು ಕಂಡಿದ್ದ ಗಂಡ, ಆ ಹೆಂಡತಿ 2025ರ ಏಪ್ರಿಲ್‌ನಲ್ಲಿ ಮಡಿಕೇರಿಯ ಹೋಟೆಲ್ಲಿನಲ್ಲಿ ಜೀವಂತ ಸಿಕ್ಕಿದ್ದು. ಅವನ ಪುಣ್ಯ, ಹೆಂಡತಿ ಬದುಕಿದ್ದಳು. ನಮ್ಮ ಹುಡುಗನ ಪ್ರಕರಣದಲ್ಲಿ ಸತ್ತವನು ಎದ್ದು ಬಂದು ಹೇಳುವ ಹಾಗಿಲ್ಲ.

ಕತ್ತಿ ಸಿಕ್ಕಿದೆಯಲ್ಲ ಅಂತ ಇನ್ನೊಂದು ಪ್ರಶ್ನೆ. ತೋಟದ ಪೊದೆಯಲ್ಲಿ ಸಿಕ್ಕಿತು ಅಂತ ಪಂಚನಾಮೆ. ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚರಲ್ಲಿ ಒಬ್ಬರು "ಠಾಣೆಯಲ್ಲಿ ಸಹಿ ಹಾಕಿದ್ದು, ಜಾಗಕ್ಕೆ ಹೋಗಿಲ್ಲ" ಅಂದರು. ಪ್ರತಿಕೂಲ ಸಾಕ್ಷಿ, ಅಂದರೆ ತಿರುಗಿ ಬಿದ್ದ ಸಾಕ್ಷಿ ಅಂತ ಬರೆದುಕೊಂಡರು. ಕತ್ತಿಯ ಮೇಲೆ ರಕ್ತ ಇದೆ, ಗುಂಪು ತಿಳಿದಿಲ್ಲ ಅಂತ ಪ್ರಯೋಗಾಲಯದ ವರದಿ. ನಮ್ಮ ಕಡೆ ಕತ್ತಿ ಇಲ್ಲದ ಮನೆ ಯಾವುದು? ತೆಂಗಿನಕಾಯಿ ಕೆತ್ತಲು, ಬೇಲಿ ಸವರಲು, ಸೊಪ್ಪು ಕಡಿಯಲು ಎಲ್ಲದಕ್ಕೂ ಅದೇ. ಹಾಗಾಗಿ ಕೊನೆಗೆ ಉಳಿಯುವುದು ಬೈಕಿನವನ ಮಾತು ಒಂದೇ.

ಒಬ್ಬನ ಮಾತಿನ ಮೇಲೆ ಶಿಕ್ಷೆ ಕೊಡಬಾರದು ಅಂತೇನೂ ಕಾನೂನಿಲ್ಲ. ಇಷ್ಟೇ ಸಾಕ್ಷಿ ಬೇಕು ಅಂತ ಲೆಕ್ಕ ಇಲ್ಲ ಅಂತಲೇ ಸಾಕ್ಷ್ಯ ಕಾಯ್ದೆಯ 134ನೇ ಸೆಕ್ಷನ್ ಹೇಳುತ್ತಿತ್ತು. ಆದರೆ 1957ರ ವಡಿವೇಲು ತೇವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿಗಳನ್ನು ಮೂರು ತರ ಮಾಡಿತು: ಪೂರ್ತಿ ನಂಬಬಹುದಾದವರು, ಪೂರ್ತಿ ನಂಬಲಾಗದವರು, ಎರಡೂ ಅಲ್ಲದವರು. ಮೂರನೇ ತರದವರ ಮಾತಿಗೆ ಬೇರೆ ಕಡೆಯಿಂದ ಆಧಾರ ಬೇಕು ಅಂತ ಅದರಲ್ಲಿದೆ. ಈ ಸಾಕ್ಷಿ ಖಂಡಿತ ಆ ಮೂರನೇ ಸಾಲಿನವನು. ಆಧಾರ ಅಂತ ಇರುವುದು ಆ ಕತ್ತಿ.

ಹುಡುಗ ಕೊಂದಿಲ್ಲ ಅಂತ ನಾನು ಆಣೆ ಹಾಕುತ್ತಿಲ್ಲ. ಕುಡಿತ, ಬಾಯಿ ಎರಡೂ ಜಾಸ್ತಿ ಅವನಿಗೆ, ಅಕ್ಕನೂ ಅದನ್ನು ಮುಚ್ಚಿಡುವುದಿಲ್ಲ. ಜಗಳ ಆಡಿದ್ದು, ಬೆದರಿಸಿದ್ದು ನಿಜ. ಅದಕ್ಕೆ ಜೀವಾವಧಿ ಇಲ್ಲವಲ್ಲ. ಸತ್ತವನ ಹೆಂಡತಿ ವಾರಕ್ಕೊಮ್ಮೆ ಪೇಟೆಯಲ್ಲಿ ಎದುರಾಗುತ್ತಾಳಂತೆ. ಅಕ್ಕ ತಲೆ ತಗ್ಗಿಸಿ ದಾಟುತ್ತಾರಂತೆ. ಆ ಹೆಂಗಸಿಗೂ ನಿಜವಾಗಿ ಯಾರು ಅಂತ ತಿಳಿಯಬೇಕೋ ಬೇಡವೋ?

ಈಗ ನಿನ್ನಿಂದ ಆಗಬೇಕಾದ ಕೆಲಸ. ಸೆಷನ್ಸ್ ಕೋರ್ಟಿನ ಶಿಕ್ಷೆಗೆ ಹೈಕೋರ್ಟಿನಲ್ಲಿ ಅಪೀಲು ಹಾಕಲು 60 ದಿನ ಇರುತ್ತದೆ. ವಕೀಲರು ಹಾಕಿದ್ದಾರೆ ಅಂತ ಇವರು ನಂಬಿ ಕೂತಿದ್ದರು, ಹಾಕಿರಲಿಲ್ಲ. ಹಾಗಂತ ಬಾಗಿಲು ಮುಚ್ಚಿಲ್ಲ, ತಡವಾದದ್ದಕ್ಕೆ ಸರಿಯಾದ ಕಾರಣ ಹೇಳಿ ಮನ್ನಾ ಕೇಳಬಹುದು. ನಮ್ಮ ಜಿಲ್ಲೆ ಧಾರವಾಡ ಪೀಠಕ್ಕೆ ಬರುತ್ತದೆ, ನೀನು ಅಲ್ಲೇ ಇದ್ದೀಯ. ಜೈಲಿನಲ್ಲಿರುವವರಿಗೆ ಸರ್ಕಾರಿ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವೆಗಳ ಕಾಯ್ದೆಯೇ ಹೇಳುತ್ತದೆ, ಆದಾಯದ ಲೆಕ್ಕ ನೋಡುವ ಹಾಗಿಲ್ಲ. ಹೈಕೋರ್ಟಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರಾಯಿತು. ಮೊದಲ ಅಪೀಲು ಅಂದರೆ ಸಾಕ್ಷ್ಯವನ್ನೆಲ್ಲ ಹೊಸದಾಗಿ ತೂಗಿ ನೋಡಬೇಕು, ಬರೀ ಕಾನೂನಿನ ತಪ್ಪು ಹುಡುಕುವುದಲ್ಲ. ಈ ಮೂರು ಹೇಳಿಕೆಗಳನ್ನು ಒಂದರ ಪಕ್ಕ ಒಂದು ಇಟ್ಟು ಓದುವ ವಕೀಲರು ಸಿಕ್ಕರೆ ಸಾಕು.

ಅಕ್ಕ ಬರುವ ಸೋಮವಾರ ಯಲ್ಲಾಪುರ ಮೇಲಿನ ಬಸ್ಸಿಗೆ ಬರುತ್ತಾರೆ. ಪೀಠ ಇರುವುದು ಊರ ಹೊರಗೆ, ಬೆಳಗಾವಿ ರಸ್ತೆಯಲ್ಲಿ. ಒಬ್ಬರೇ ಹೋಗಲು ಹೆದರುತ್ತಾರೆ, ಬಸ್ ಸ್ಟ್ಯಾಂಡಿನಿಂದ ನೀನೇ ಕರೆದುಕೊಂಡು ಹೋಗು. ತೀರ್ಪಿನ ದೃಢೀಕೃತ ನಕಲು, ಸಾಕ್ಷಿ ಹೇಳಿಕೆಗಳು, ಪಂಚನಾಮೆ ಎಲ್ಲ ಒಂದು ಫೈಲಿನಲ್ಲಿ ಹಾಕಿ ಕೊಟ್ಟಿದ್ದೇನೆ. ಫೋಟೋ ಬಂದ ಪೇಪರಿನ ಹಾಳೆಯೂ ಅದರಲ್ಲಿದೆ, ಅಕ್ಕ ಇಷ್ಟು ವರ್ಷ ಅಕ್ಕಿ ಡಬ್ಬಿಯ ಅಡಿಯಲ್ಲಿ ಇಟ್ಟಿದ್ದರಂತೆ. ಅದರ ತಾರೀಖು ಪರೇಡಿಗಿಂತ ಹಿಂದಿನದು. ಅಪೀಲಿನಲ್ಲೂ ಹೆಚ್ಚಿನ ಸಾಕ್ಷ್ಯ ತೆಗೆದುಕೊಳ್ಳಲು ಹೈಕೋರ್ಟಿಗೆ ಅಧಿಕಾರ ಇದೆ. ಆ ಹಾಳೆಯನ್ನು ಹಾಗೆ ಕೊಡಲು ಬರುತ್ತದಾ ಅಂತ ಮೊದಲು ಅದನ್ನೇ ವಕೀಲರಿಗೆ ಕೇಳು.

ನಿನ್ನ
ಕಾರವಾರದ ಗೆಳೆಯ