ಅಮ್ಮನ ಕಿವಿಯಂತ್ರ ಡ್ರಾಯರ್‌ನಲ್ಲೇ ಇತ್ತು

ಗೆ,
ವೈದ್ಯಕೀಯ ಅಧೀಕ್ಷಕರು ಮತ್ತು ನರ್ಸಿಂಗ್ ಅಧೀಕ್ಷಕರಿಗೆ

ವಿಷಯ: ತೀವ್ರ ನಿಗಾ ಘಟಕದಲ್ಲಿ ನನ್ನ ತಾಯಿಯ ಕೈಗಳನ್ನು ಮಂಚಕ್ಕೆ ಕಟ್ಟಿ, ಅವರ ಮಾನಸಿಕ ಸ್ಥಿತಿಯನ್ನು ಕಡೆಗಣಿಸಿದ ಕುರಿತು ದೂರು

ಮಾನ್ಯರೇ,

ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ನನ್ನ ತಾಯಿಯನ್ನು ಕಳೆದ ತಿಂಗಳು ನಿಮ್ಮಲ್ಲಿ ಸೇರಿಸಿದ್ದೆವು. ಅವರಿಗೆ 76 ವರ್ಷ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು, ಮೂಳೆ ತಜ್ಞರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನನ್ನ ದೂರು ಅದರ ನಂತರದ ಎರಡು ರಾತ್ರಿಗಳದ್ದು.

ಮರುದಿನ ಬೆಳಿಗ್ಗೆ ಹತ್ತು ನಿಮಿಷದ ಭೇಟಿಗೆ ಒಳಗೆ ಬಿಟ್ಟಾಗ ಅಮ್ಮನ ಎರಡೂ ಮಣಿಕಟ್ಟುಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಬಿಗಿದಿದ್ದರು. ಹಿಂದಿನ ದಿನ ಬಳೆ ತೆಗೆಸಿದ್ದ ಜಾಗದಲ್ಲೇ ಗಂಟು. ಎಡಗೈಯ ಚರ್ಮ ಕೆಂಪಗೆ ಸುಲಿದಿತ್ತು. ನನ್ನನ್ನು ಕಂಡವರೇ ಅಮ್ಮ, "ನಾನೇನು ತಪ್ಪು ಮಾಡಿದೆ?" ಎಂದು ಕೇಳಿದರು.

ಕೆಲಸದಲ್ಲಿದ್ದ ಸಿಸ್ಟರ್ ಮುಚ್ಚುಮರೆಯಿಲ್ಲದೆ ಹೇಳಿದರು: "ರಾತ್ರಿಯೆಲ್ಲ ಕೂಗಾಡಿದರು, ಡ್ರಿಪ್ ಕೀಳಲು ಹೋದರು. ಐದು ಮಂಚಕ್ಕೆ ನಾನೊಬ್ಬಳೇ." ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಐದು ಮಂಚಕ್ಕೆ ಒಬ್ಬರನ್ನೇ ನಿಲ್ಲಿಸಿದವರ ಮೇಲಿದೆ. ಅಮ್ಮನ ದಾಖಲೆಯಲ್ಲಿ "ರೋಗಿ ಸಹಕರಿಸುತ್ತಿಲ್ಲ" ಎಂದು ಬರೆದಿತ್ತು.

ಅಮ್ಮ ಹಟ ಹಿಡಿದಿರಲಿಲ್ಲ. ಕೊಟ್ಟಿಗೆಯಲ್ಲಿ ಕರು ಹಗ್ಗ ಸುತ್ತಿಕೊಂಡಿದೆ, ಬಿಡಿಸಬೇಕು ಎಂದು ಎದ್ದು ಕೂರಲು ನೋಡುತ್ತಿದ್ದರು. ಹಿರಿಯರು ಸನ್ನಿ ಎನ್ನುತ್ತಿದ್ದ, ವೈದ್ಯರು ಡೆಲಿರಿಯಂ ಎನ್ನುವ ಸ್ಥಿತಿ ಅದು. ಸೊಂಟದ ಮೂಳೆ ಮುರಿದ ವೃದ್ಧರಲ್ಲಿ ಇದು ಅಪರೂಪವಲ್ಲ. ಹಗಲು ಸರಿಯಿದ್ದವರು ರಾತ್ರಿ ಕಂಗೆಡುತ್ತಾರೆ. ನೋವು, ಸೋಂಕು, ಮೂತ್ರ ಕಟ್ಟಿಕೊಂಡಿರುವುದು, ಕೆಲವು ನಿದ್ರೆ ಔಷಧಗಳು, ಹೀಗೆ ಕಾರಣ ಯಾವುದೂ ಇರಬಹುದು, ಅದನ್ನು ಹುಡುಕಬೇಕು. ಕಟ್ಟಿಹಾಕಿದರೆ ಕಳವಳ ಇನ್ನಷ್ಟು ಹೆಚ್ಚುತ್ತದೆ. ಇದನ್ನು ಗುರುತಿಸಲು ನರ್ಸ್‌ಗಳೇ ಹಾಸಿಗೆಯ ಬಳಿ ಕೆಲವೇ ನಿಮಿಷಗಳಲ್ಲಿ ಮಾಡಬಹುದಾದ ಕ್ಯಾಮ್-ಐಸಿಯು ಎಂಬ ಪರೀಕ್ಷೆ 2001ರಿಂದಲೂ ಇದೆ. ಅಮ್ಮನಿಗೆ ಅದನ್ನು ಒಮ್ಮೆಯಾದರೂ ಮಾಡಿದ ಗುರುತು ದಾಖಲೆಯಲ್ಲಿಲ್ಲ.

ಎರಡನೆಯ ರಾತ್ರಿ ಮತ್ತೆ ಕಟ್ಟಿದರು. ಮೂರು ಗಂಟೆಯ ಸುಮಾರಿಗೆ ಬೇರೊಬ್ಬ ಸಿಸ್ಟರ್ ಹೊರಗೆ ಬಂದು, "ಅಜ್ಜಿಗೆ ಕಿವಿ ಕೇಳಿಸುತ್ತದೆಯೇ?" ಎಂದು ನನ್ನನ್ನು ಕೇಳಿದರು. ಕಿವಿಯಂತ್ರವನ್ನೂ ಕನ್ನಡಕವನ್ನೂ ಸೇರಿಸುವಾಗಲೇ ಒಪ್ಪಿಸಿದ್ದೇವೆ ಎಂದೆ. ಎರಡೂ ರೋಗಿಯ ಸಂಖ್ಯೆ ಅಂಟಿಸಿದ ಪ್ಲಾಸ್ಟಿಕ್ ಕವರಿನಲ್ಲಿ, ಅಮ್ಮನ ತಲೆಯಿಂದ ಒಂದು ಮೊಳ ದೂರದ ಡ್ರಾಯರ್‌ನಲ್ಲಿದ್ದವು. ಆ ಸಿಸ್ಟರ್ ನನ್ನನ್ನು ಒಳಗೆ ಕರೆದುಕೊಂಡರು, ಯಂತ್ರವನ್ನು ಕಿವಿಗೆ ಹಾಕಿದರು, ಗಂಟು ಬಿಚ್ಚಿದರು. "ಅಜ್ಜಿ, ಇದು ಆಸ್ಪತ್ರೆ. ನಿಮ್ಮ ಸೊಂಟಕ್ಕೆ ಆಪರೇಷನ್ ಆಗಿದೆ. ಈಗ ರಾತ್ರಿ ಮೂರು ಗಂಟೆ. ಮಗಳು ಇಲ್ಲೇ ಇದ್ದಾರೆ, ನೋಡಿ" ಎಂದರು. ಅಮ್ಮ ನನ್ನ ಮುಖ ಸವರಿ ನೋಡಿದರು. ಸ್ವಲ್ಪ ಹೊತ್ತಿನಲ್ಲಿ ನಿದ್ರೆ ಹೋದವರು ಬೆಳಗಿನವರೆಗೆ ಏಳಲಿಲ್ಲ.

ಆ ಸಿಸ್ಟರ್‌ಗೆ ಹೊಳೆದದ್ದು ಅದಕ್ಕೆ ಮುಂಚಿನ ಎರಡು ಪಾಳಿಗಳಲ್ಲಿ ಯಾರಿಗೂ ಹೊಳೆಯಲಿಲ್ಲವೇಕೆ? ಒಬ್ಬರ ಒಳ್ಳೆಯತನ ಆ ರಾತ್ರಿ ಅಮ್ಮನನ್ನು ಕಾಯಿತು. ಅದು ನಿಮ್ಮ ಆಸ್ಪತ್ರೆಯ ಪದ್ಧತಿಯಾಗಿರಬೇಕಿತ್ತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಂ ಪ್ರಕಾರ, ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ರೋಗಿಯನ್ನು ಕಟ್ಟಬಹುದು. ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕಷ್ಟೇ ಕಟ್ಟುವಂತಿಲ್ಲ. ಅದು ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಅನ್ವಯಿಸುವ ಕಾಯ್ದೆ ಎಂದು ನೀವು ಹೇಳಬಹುದು. ಆ ಸಂಸ್ಥೆಗಳ ರೋಗಿಗೆ ಇರುವ ಈ ರಕ್ಷಣೆ ಮೂಳೆ ಮುರಿದು ಬಂದ ಅಜ್ಜಿಗೆ ಬೇಡವೇ?

ಅಮ್ಮನ ಕೈ ಕಟ್ಟಲು ಆದೇಶ ಕೊಟ್ಟವರು ಯಾರು, ಎಷ್ಟು ಗಂಟೆ ಕಟ್ಟಿದ್ದರು, ನಡುವೆ ಯಾರು ಬಂದು ನೋಡಿದರು, ಹೊರಗೇ ಕುಳಿತಿದ್ದ ನಮಗೆ ಏಕೆ ತಿಳಿಸಲಿಲ್ಲ ಎಂಬುದಕ್ಕೆ ಲಿಖಿತ ಉತ್ತರ ಬೇಕು. ಡಿಸ್ಚಾರ್ಜ್ ಪತ್ರದಲ್ಲಿ ಡೆಲಿರಿಯಂ ಎಂಬ ಮಾತೇ ಇಲ್ಲ, ಅದನ್ನು ಸೇರಿಸಿಕೊಡಿ. ಒಮ್ಮೆ ಹೀಗಾದವರಿಗೆ ಮತ್ತೆ ಆಗುವ ಸಂಭವ ಹೆಚ್ಚು. ಮುಂದೆ ಅರಿವಳಿಕೆ ಕೊಡುವ ವೈದ್ಯರಿಗೆ ಇದು ಗೊತ್ತಿರಲೇಬೇಕು. "ಸಹಕರಿಸುತ್ತಿಲ್ಲ" ಎಂಬ ಸಾಲಿನ ಪಕ್ಕದಲ್ಲಿ ನಿಜ ಸಂಗತಿಯನ್ನು ದಾಖಲಿಸಿ. ಘಟಕಕ್ಕೆ ಬರುವ ಪ್ರತಿ ವೃದ್ಧರಿಗೂ ಕನ್ನಡಕ, ಕಿವಿಯಂತ್ರ ಹಾಕಿಸುವುದನ್ನು ಪಾಳಿ ಬದಲಾಗುವಾಗ ಒಪ್ಪಿಸುವ ಕೆಲಸಗಳಲ್ಲಿ ಸೇರಿಸಿ. ಗೊಂದಲಗೊಂಡವರ ಬಳಿ ಮನೆಯವರೊಬ್ಬರು ರಾತ್ರಿ ಕೂರಲು ಬಿಡಿ. ಪಾಳಿಗೆ ಇನ್ನೊಬ್ಬ ಸಿಸ್ಟರ್‌ರನ್ನು ಹಾಕಿ.

ಅಮ್ಮ ಈಗ ಕೋಲು ಹಿಡಿದು ನಡೆಯುತ್ತಾರೆ. ಮಲಗುವಾಗ ಮಾತ್ರ ಎರಡೂ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಳ್ಳುತ್ತಾರೆ. ಮುಂದಿನ ವಾರ ತಪಾಸಣೆಗೆ ನಿಮ್ಮಲ್ಲಿಗೇ ಬರಬೇಕು, ಅವರು ಒಪ್ಪುತ್ತಿಲ್ಲ. ಆ ದಿನಕ್ಕೆ ಮುಂಚೆ ನಿಮ್ಮ ಉತ್ತರ ಬಂದರೆ ಅದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ.

ಇಂತಿ,
ರೋಗಿಯ ಮಗಳು